ಹದಿನೈದು ವೋಲ್ಟ್

“ಮಾವ, ಇಲ್ನೋಡಿ, ಮೀಟರಿನ ಮುಳ್ಳು ಈಗ ಎಡವ್ತಾ ಇಲ್ಲ!” ರಿಪೇರಿ ಮೇಜಿನಿಂದ ಸೊಸೆ ಕೂಗಿದಳು. ಬ್ಯಾಟರಿಯಿಂದ ಹರಿಯುವ ಕರೆಂಟನ್ನು ಅಳೆಯುವ ಸರ್ಕ್ಯೂಟು ಮೂರು ದಿನದಿಂದ ಸೊಟ್ಟ ಲೆಕ್ಕ ತೋರಿಸಿ ಅವಳ ತಲೆ ತಿಂದಿತ್ತು.

“ಏನ್ ಮಾಡ್ದೆ ತಾಯಿ?” ಎಂದರು, ಕೈನಡುಕ ಬಂದಮೇಲೆ ಆ ಮೇಜನ್ನು ಅವಳಿಗೆ ಬಿಟ್ಟುಕೊಟ್ಟಿದ್ದ ಮಾವ.

“ಬ್ಯಾಟರೀದೂ ಹನ್ನೆರಡು ವೋಲ್ಟ್, ಅದನ್ನ ಅಳೆಯೋ ಚಿಪ್ಪಿಗೆ ಕೊಟ್ಟಿದ್ದೂ ಹನ್ನೆರಡೇ. ತನ್ನ ನೆತ್ತಿ ಮಟ್ಟಕ್ಕೇ ಇರೋದನ್ನ ಪಾಪ ಅದು ಹೇಗೆ ಅಳೆಯುತ್ತೆ? ಹದಿನೈದು ಕೊಟ್ಟೆ.”

“ಭಲೇ! ನಂಗೆ ಹೊಳೀಲೇ ಇಲ್ಲ ನೋಡು.”

ಬೀಗುತ್ತಲೇ ಅವಳು ಅವರ ಖಾಲಿ ಲೋಟ ಎತ್ತಿದಳು. ಅಡಿಯಲ್ಲಿ, ‘ಓದೋದಿದೆ, ಇರ್ಲಿ’ ಎಂದು ಮೂರು ದಿನದಿಂದ ಅವರು ತೆಗೆಯಗೊಡದ ಪೇಪರು. ಅದರ ಅಂಚಿನಲ್ಲಿ ನಡುಗುವ ಅಕ್ಷರಗಳು: ಚಿಪ್ಪಿಗೆ ಹದಿನೈದು.

ಮಾವ ಮುಳ್ಳನ್ನೇ ನೋಡುತ್ತಾ ನಗುತ್ತಿದ್ದರು. ಅವಳು ಲೋಟವನ್ನು ಅದೇ ಜಾಗದಲ್ಲಿ ಸದ್ದಾಗದಂತೆ ಇಟ್ಟಳು.