ಮಾನಿಟರಿನ ಚಾರ್ಟು

"ಹೋಯ್ತು ಮತ್ತೆ!" ನೀರು ಕುಡಿದು ಬಂದ ಸೊಸೆ ತಲೆ ಮೇಲೆ ಕೈಹೊತ್ತು ನಿಂತಳು. ಇನ್ನರ್ಧ ಗಂಟೆಯಲ್ಲಿ ಗಿರಾಕಿಗಳಿಗೆ ಮನೆಯ ನಕ್ಷೆ ತೋರಿಸಬೇಕು. ಲ್ಯಾಪ್‌ಟಾಪಿಗೆ ಜೋಡಿಸಿದ ದೊಡ್ಡ ಮಾನಿಟರ್ ಕಪ್ಪಗೆ ಕೂತಿತ್ತು. ಕೇಬಲ್ ಬದಲಾಯಿಸಿದ ರಿಪೇರಿಯವನೂ ಕೈಚೆಲ್ಲಿದ್ದ. ಸಾಲದ್ದಕ್ಕೆ, ಕಿಟಕಿ ಪಕ್ಕದ ಅತ್ತೆ ವಾರದಿಂದ ಅವಳು ಎದ್ದಾಗಲೆಲ್ಲ ಕನ್ನಡಕದ ಮೇಲಿಂದ ನೋಡಿ ಏನೋ ಗೀಚಿಕೊಳ್ಳುತ್ತಿದ್ದರು. ತನ್ನ ತಪ್ಪುಗಳ ಪಟ್ಟಿಯೇ ಇರಬೇಕೆಂದು ಸೊಸೆಗೆ ಮೈಯೆಲ್ಲ ಉರಿಯುತ್ತಿತ್ತು.

"ಏನತ್ತೆ ಅದು, ದಿನಾ ಬರೀತೀರಲ್ಲ?" ಇವತ್ತು ಕೇಳಿಯೇಬಿಟ್ಟಳು.

ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅತ್ತೆ ಹಳೇ ಕ್ಯಾಲೆಂಡರಿನ ಹಾಳೆಯನ್ನು ತಿರುಗಿಸಿ ಹಿಡಿದರು. ನೀಟಾಗಿ ಗೆರೆ ಎಳೆದ ಚಾರ್ಟು. ರೋಗಿ: ಮಾನಿಟರ್. ಕಣ್ಣು ಮುಚ್ಚಿದ ಹೊತ್ತು, ಅದಕ್ಕೆ ಮುಂಚೆ ಆದದ್ದು. ಹನ್ನೊಂದು ಸಾಲುಗಳಲ್ಲೂ ಒಂದೇ ಮಾತು: ಸೊಸೆ ಕುರ್ಚಿಯಿಂದ ಎದ್ದಳು.

"ರೋಗ ಏನಂತ ನಂಗೊತ್ತಿಲ್ಲಮ್ಮ. ಆದ್ರೆ ನೀನು ಮೇಲಕ್ಕೂ ಕೆಳಕ್ಕೂ ಆಡೋ ಆ ಕುರ್ಚಿಯಿಂದ ಎದ್ದಾಗ್ಲೇ ಅದಕ್ಕೆ ಫಿಟ್ಸ್ ಬರುತ್ತೆ."

ಸೊಸೆಗೆ ನಗು ಬಂತು. ಆದರೂ ಮಾನಿಟರನ್ನು ಮತ್ತೆ ಹೊತ್ತಿಸಿ ಕುರ್ಚಿಯಲ್ಲಿ ಕೂತು ಎದ್ದಳು. ಪರದೆ ಕಪ್ಪಾಯಿತು. ಓಡಿಹೋಗಿ ಅಡುಗೆಮನೆಯ ಮರದ ಸ್ಟೂಲು ತಂದಳು. ಕೂತಳು, ಎದ್ದಳು, ಹತ್ತು ಸಲ ಕೂತೆದ್ದರೂ ಪರದೆ ರೆಪ್ಪೆ ಮಿಟುಕಿಸಲಿಲ್ಲ. ಎದ್ದಾಗ ಆ ಕುರ್ಚಿಯಲ್ಲಿ ಹುಟ್ಟುವ ಸ್ಥಿರ ವಿದ್ಯುತ್ತೇ ಮಾನಿಟರನ್ನು ಆರಿಸುತ್ತಿತ್ತೆಂದು ಅವಳಿಗೆ ಹೊಳೆಯಿತು.

"ಅತ್ತೆ, ನೀವು ಡಾಕ್ಟ್ರಾಗ್ಬೇಕಿತ್ತು!"

"ಆಗಿದ್ರೆ ನಾನೂ ಕೇಬಲ್ ಬದಲಾಯ್ಸಿ ಹೊರಟುಬಿಡ್ತಿದ್ದೆ," ಎಂದರು ಅತ್ತೆ. "ಪಕ್ಕದಲ್ಲೇ ಕೂತು ನೋಡೋಳು ನರ್ಸು."