ಕೈಗುಣ

"ಕೂದಲು ಎಲ್ಲಿದೆ, ಹೇಳು ನೋಡೋಣ" ಎಂದು ಡಾಕ್ಟರ್ ಸ್ಟ್ರೋಬೆಲ್ ದಪ್ಪನೆಯ ಟೆಲಿಫೋನ್ ಡೈರೆಕ್ಟರಿಯನ್ನು ಬ್ರೆನ್ನಾಳ ಮುಂದೆ ತಳ್ಳಿದರು. ತಮ್ಮದೇ ಒಂದು ಬಿಳಿ ಕೂದಲನ್ನು ಕಿತ್ತು ಹನ್ನೆರಡು ಹಾಳೆಗಳ ಕೆಳಗೆ ಇಟ್ಟಿದ್ದರು. ಔಷಧಿ ಬರೆಯುವ ಮೊದಲು ಮೈ ಮುಟ್ಟಿ ರೋಗ ಹುಡುಕುವವರು ಆಸ್ಟಿಯೋಪಥಿ ಡಾಕ್ಟರುಗಳು. ಹೊಸಬರ ಬೆರಳನ್ನು ಅವರು ಪರೀಕ್ಷಿಸುವುದು ಹೀಗೆ.

ಬ್ರೆನ್ನಾಳ ಬೆರಳಿಗೆ ಏನೂ ಸಿಗಲಿಲ್ಲ. ಸಿಕ್ಕಿದ್ದು ಕಣ್ಣಿಗೆ. ಕೂದಲಿನ ತುದಿ ಹಾಳೆಯ ಅಂಚಿನಿಂದ ಚೂರೇ ಚೂರು ಇಣುಕುತ್ತಿತ್ತು. ಅವಳು ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ತಡಕಾಡಿದಂತೆ ನಟಿಸಿ, "ಇಲ್ಲಿ" ಎಂದು ಬೆರಳಿಟ್ಟಳು. ಮುದುಕರ ಮುಖ ಅರಳಿತು.

ಅವಳನ್ನು ಬೈದು ಏನು ಪ್ರಯೋಜನ? ಆಸ್ಟಿಯೋಪಥಿ ಕಾಲೇಜಿಗೆ ಸೇರಬೇಕಾದರೆ ಅಂಥ ಡಾಕ್ಟರೊಬ್ಬರ ಬೆನ್ನಹಿಂದೆ ನಿಂತು ಕೆಲಸ ನೋಡಬೇಕು, ಅವರ ಕೈಯಿಂದಲೇ ಶಿಫಾರಸು ಪತ್ರ ತರಬೇಕು. ಹೋದ ವರ್ಷ ಆ ಒಂದು ಪತ್ರವಿಲ್ಲದೆ ಅವಳ ಅರ್ಜಿ ಬಿದ್ದುಹೋಗಿತ್ತು. ಈ ಸಲ ಕೊನೆಯ ದಿನ ಶುಕ್ರವಾರ. ಮಿಸೌರಿ ರಾಜ್ಯದ ಅರ್ಧದಷ್ಟು ಡಾಕ್ಟರುಗಳಿಗೆ ಫೋನ್ ಮಾಡಿ, ಎಲ್ಲ ಕಡೆ ಇಲ್ಲ ಅನ್ನಿಸಿಕೊಂಡು, ಮಂಗಳವಾರ ಬೆಳಿಗ್ಗೆ ಈ ಸಣ್ಣ ಊರಿನ ನಂಬರನ್ನು ಒತ್ತಿದ್ದಳು. ಡಾಕ್ಟರ್ ಸ್ಟ್ರೋಬೆಲ್ ಅವಳ ಅಂಕಪಟ್ಟಿಯ ಸುದ್ದಿಯನ್ನೇ ಎತ್ತಲಿಲ್ಲ. "ಬೆರಳು ಚುರುಕಾಗಿದೆಯಾ? ಹಾಗಾದ್ರೆ ಈಗಲೇ ಹೊರಟು ಬಾ" ಎಂದಿದ್ದರು.

"ನಿನ್ನ ಅದೃಷ್ಟ ಕಣಮ್ಮಾ" ಎಂದಳು, ಮೂವತ್ತು ವರ್ಷದಿಂದ ಆ ಕ್ಲಿನಿಕ್ಕಿನ ಮುಂದಿನ ಮೇಜಿಗೆ ಅಂಟಿಕೊಂಡಿರುವ ಲೊರೇಟಾ. "ನಮ್ಮ ಡಾಕ್ಟ್ರು ಕಾಲೇಜು ಹುಡುಗ್ರನ್ನ ಕಂಡ್ರೆ ಉರಿದು ಬೀಳೋರು. ಈಗಂತೂ ಹೆಂಡ್ತಿ ವರ್ನಾಗೆ ಹುಷಾರಿಲ್ಲ ಅಂತ ದಿನಕ್ಕೆ ಹತ್ತು ಸಲ ಮೇಲಿನ ಮನೆಗೆ ಹತ್ತಿ ಇಳೀತಾರೆ. ನಾನು ಕೋಳಿ ಸೂಪ್ ಮಾಡ್ಕೊಂಡು ಬಂದ್ರೆ, ಅವಳಿಗೆ ಬೇಡ ಅಂತ ಬಾಗಿಲಲ್ಲೇ ವಾಪಸ್ ಕೊಟ್ರು. ನನ್ನ ಸೂಪಿಗೆ ಯಾರೂ ಬೇಡ ಅಂದಿರ್ಲಿಲ್ಲಪ್ಪ!"

ಎರಡು ದಿನ ಬ್ರೆನ್ನಾ ಡಾಕ್ಟರ ಬೆನ್ನಹಿಂದೆ ನಿಂತು ಸೊಂಟನೋವು, ಕುತ್ತಿಗೆನೋವುಗಳನ್ನು ನೋಡಿದಳು. ಗುರುವಾರ ಮಧ್ಯಾಹ್ನ ಕೊನೆಯ ರೋಗಿ ಹೋದ ಮೇಲೆ ಪತ್ರದ ಮಾತೆತ್ತಿದಳು. "ಕೊಡೋಣ. ಮೊದಲು ಮೇಲೆ ಬಾ, ವರ್ನಾ ತಲೆ ಮುಟ್ಟಿ ನೋಡು" ಎಂದರು ಡಾಕ್ಟರು.

"ನಾವು ಮುಟ್ಟೋ ಹಾಗಿಲ್ವಲ್ಲ ಡಾಕ್ಟ್ರೇ, ನೋಡೋದು ಮಾತ್ರ ಅಂತ ನಿಯಮ."

"ನಿಯಮ ಇರೋದು ರೋಗಿಗಳಿಗೆ. ಇವಳು ನನ್ನ ಹೆಂಡ್ತಿ."

ಮೇಲಿನ ಕೋಣೆಯ ಕಿಟಕಿಗಳೆಲ್ಲ ತೆರೆದಿದ್ದವು. ನವೆಂಬರಿನ ಗಾಳಿ ನೇರವಾಗಿ ಮಂಚದ ಮೇಲೆ ಬೀಸುತ್ತಿತ್ತು. ವರ್ನಾ ಗದ್ದದವರೆಗೆ ಹೊದ್ದು ಮಲಗಿದ್ದಳು. ಯಾರೋ ನೀಟಾಗಿ ತಲೆ ಬಾಚಿದ್ದರು. ಬ್ರೆನ್ನಾ ತಲೆದೆಸೆಯಲ್ಲಿ ಕುಳಿತು ಎರಡೂ ಅಂಗೈಯಲ್ಲಿ ಆ ತಲೆಯನ್ನು ಹಿಡಿದುಕೊಂಡಳು. ತಣ್ಣಗಿತ್ತು. ಕಿಟಕಿ ತೆರೆದದ್ದಕ್ಕೆ ಇರಬೇಕು ಎಂದುಕೊಂಡಳು.

"ಉಸಿರನ್ನ ಹುಡುಕಬೇಡ, ನಾಡಿನೂ ಹುಡುಕಬೇಡ. ಅವೆರಡಕ್ಕೂ ಕೆಳಗೆ ತಲೆಬುರುಡೆ ತನ್ನಷ್ಟಕ್ಕೆ ತಾನು ಅರಳಿ ಮುದುಡ್ತಾ ಇರುತ್ತೆ. ಸಿಕ್ತಾ?" ಡಾಕ್ಟರು ಬಾಗಿ ಅವಳ ಮುಖವನ್ನೇ ನೋಡುತ್ತಿದ್ದರು.

ಅವಳಿಗೆ ಏನೂ ಸಿಗಲಿಲ್ಲ. ಇಲ್ಲ ಎಂದರೆ ಪತ್ರವೂ ಇಲ್ಲ ಎನಿಸಿತು. "ಸಿಕ್ತು. ತುಂಬಾ ಮೆಲ್ಲಗಿದೆ. ನಿಮಿಷಕ್ಕೆ... ಎಂಟು."

"ಎಂಟು!" ಮುದುಕರು ಮಂಚದ ಅಂಚಿನಲ್ಲಿ ಕುಸಿದು ಕುಳಿತು ಮಗುವಿನ ಹಾಗೆ ಅತ್ತರು. "ನಾನೂ ಎಂಟೇ ಎಣಿಸಿದ್ದು! ಮಂಗಳವಾರ ಬೆಳಿಗ್ಗೆ ಉಸಿರು ನಿಂತೋಯ್ತು. ಗುಂಡಿಗೆನೂ ನಿಂತೋಯ್ತು. ಆದ್ರೆ ಇದು ನಿಂತಿಲ್ಲ ಕಣಮ್ಮಾ. ನನ್ನ ಬೆರಳಿಗೆ ಎಂಬತ್ತು ವರ್ಷ, ಅದೇ ಮೋಸ ಮಾಡ್ತಿದೆಯೇನೋ ಅಂತ ಎರಡು ದಿನ ಒದ್ದಾಡಿಬಿಟ್ಟೆ. ಬೇರೆ ಯಾರನ್ನ ಕರೆದ್ರೂ ಎತ್ಕೊಂಡು ಹೋಗಿ ಹೂತುಬಿಡ್ತಾರೆ. ಹನ್ನೆರಡು ಹಾಳೆ ಕೆಳಗಿನ ಕೂದಲು ಹಿಡಿದ ಬೆರಳು ನಿಂದು. ಅದು ಸುಳ್ಳು ಹೇಳಲ್ಲ."

ತಾನು ಹಿಡಿದುಕೊಂಡಿರುವುದು ಏನು ಎಂಬುದು ಬ್ರೆನ್ನಾಳ ಅಂಗೈಯಿಂದ ಮೊಣಕೈವರೆಗೆ ಏರಿಬಂತು. ಕಿರುಚಿಕೊಂಡು ಓಡಬೇಕು ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಆ ಮುದುಕರ ಒದ್ದೆ ಕಣ್ಣನ್ನು ನೋಡಿ ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು.

"ಡಾಕ್ಟ್ರೇ, ನಾನು..."

"ಹೇಳಮ್ಮಾ."

ಪರದೆ ಪಟಪಟ ಬಡಿದುಕೊಂಡಿತು. ಕೆಳಗೆ ಲೊರೇಟಾ ಯಾರೊಂದಿಗೋ ಫೋನಿನಲ್ಲಿ ನಗುತ್ತಿದ್ದಳು.

"ಪತ್ರ... ನಾಳೆ ಸಂಜೆಯೊಳಗೆ ತಲುಪಬೇಕು" ಎಂದಳು ಬ್ರೆನ್ನಾ.

"ಈಗಲೇ ಟೈಪ್ ಮಾಡ್ತೀನಿ. ನೀನು ಮಾತ್ರ ಕೈ ತೆಗೀಬೇಡ. ಎಣಿಸ್ತಾ ಇರು, ಜೋರಾಗಿ. ನನಗೆ ಕೇಳಿಸ್ತಾ ಇರ್ಬೇಕು."

ಡಾಕ್ಟರು ಪಕ್ಕದ ಕೋಣೆಗೆ ಹೋದರು. ಹಳೆಯ ಟೈಪ್‌ರೈಟರ್ ಟಕಟಕ ಎನ್ನತೊಡಗಿತು. ಬ್ರೆನ್ನಾ ನಾಲ್ಕರವರೆಗೆ ಎಣಿಸಿದಳು. ಅಲ್ಲಿಗೆ ನಿಲ್ಲಿಸಿದಳು.

ಟೈಪ್‌ರೈಟರ್ ನಿಂತಿತು.

"ಐದು" ಎಂದಳು ಬ್ರೆನ್ನಾ, ಗಟ್ಟಿಯಾಗಿ.