ಗಂಡನ ಪರವಾಗಿ ಕಸರತ್ತು

"ಅನಂತರಾಜು ಅವರೇ, ನಿಮ್ಮ ಬಳೆ ಸದ್ದು ಕೇಳಿಸ್ತಾ ಇದೆ," ಎಂದಳು ಅಸ್ರಾ.

ಮನಸ್ಸು ಕುಗ್ಗಿದವರಿಗೆ, ಕಾರಣವಿಲ್ಲದೆ ಎದೆ ಢವಢವ ಎನ್ನುವವರಿಗೆ ರಾಮನಗರದಲ್ಲಿ ಕೂತು ಫೋನಿನಲ್ಲೇ ವ್ಯಾಯಾಮ ಮಾಡಿಸುವುದು ಅವಳ ಕೆಲಸ. ಒಬ್ಬೊಬ್ಬರಿಗೂ ಬೇರೆ ಬೇರೆ ಹೊತ್ತು. ಕೋಡಿಹಳ್ಳಿ ಕಡೆಯ ಈ ಅನಂತರಾಜು ಒಂದು ದಿನವೂ ತಪ್ಪಿಸಿಕೊಂಡವನಲ್ಲ. ಕ್ಯಾಮೆರಾ ಮಾತ್ರ ಹಾಕುತ್ತಿರಲಿಲ್ಲ. ಕೇಳಿದರೆ 'ನೆಟ್‌ವರ್ಕ್ ಇಲ್ಲ' ಎಂದು ಮೆಸೇಜು ಬರುತ್ತಿತ್ತು. ಕೈ ಮೇಲೆ ಎಂದರೆ ಅತ್ತಲಿಂದ ಏದುಸಿರು, ಕುಣಿಯಿರಿ ಎಂದರೆ ನೆಲ ಧಡಧಡ. ಇಷ್ಟು ಶ್ರದ್ಧೆಯ ರೋಗಿ ತನಗೆ ಸಿಕ್ಕೇ ಇಲ್ಲ ಎಂದು ಅಸ್ರಾ ಹೆಮ್ಮೆಪಟ್ಟುಕೊಂಡಿದ್ದಳು. ಇವತ್ತು ಬಳೆ ಎಲ್ಲ ಹಾಳುಮಾಡಿತು.

ಕ್ಯಾಮೆರಾ ತೆರೆಯಿತು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಳು. ಅವಳ ಹಿಂದೆ ಮಂಚದ ಮೇಲೆ, ಗೋಡೆಗೆ ಮುಖ ಮಾಡಿ, ಕಂಬಳಿ ಹೊದ್ದು ಮಲಗಿದ್ದವನೇ ಅನಂತರಾಜು.

"ನಾನು ಅವ್ರ ಎಂಡ್ರು, ಲತಾಮಣಿ. ಬೈಬ್ಯಾಡಿ ಮೇಡಮ್ಮೋರೆ, ಅವ್ರ ಪರವಾಗಿ ನಾನ್ ಮಾಡ್ತಾವ್ನಿ."

"ಪರವಾಗಿ ಅಂದ್ರೆ?"

"ಅವ್ರಿಗೆ ಕಾಮಾಲೆ ಆದಾಗ ಮಾದೇಶ್ವರನ ಬೆಟ್ಟದಲ್ಲಿ ಉರುಳುಸೇವೆ ಮಾಡಿದ್ದು ಯಾರು? ನಾನು. ಉರುಳಿದ್ದು ನಾನು, ವಾಸಿ ಆಗಿದ್ದು ಅವ್ರು. ಮಲ್ಗಿರೋರು ಎಲ್ಲಾದ್ರೂ ಉರುಳಕ್ಕಾದೀತಾ? ಮನೇವ್ರೇ ಮಾಡ್ಬೇಕು. ಇದೂ ಅಂಗೇ ಅಲ್ವಾ?"

"ಮಾತ್ರೆನೂ ನೀವೇ ನುಂಗ್ತಾ ಇದೀರಾ?"

"ಅದು ಕಹಿ. ಅದ್ನ ಅವ್ರೇ ನುಂಗ್ಲಿ."

ಅನಂತರಾಜುವಿಗೆ ಏನಾಗಿದೆ ಎಂದು ಊರಿಗೆ ಊರೇ ತಲೆ ಕೆಡಿಸಿಕೊಂಡಿತ್ತು. ಸಾಲವಿಲ್ಲ, ಕುಡಿತವಿಲ್ಲ, ಹಾಸ್ಟೆಲಿನಲ್ಲಿರುವ ಮಗಳು ಓದಿನಲ್ಲಿ ಮುಂದು, ರೇಷ್ಮೆಗೂಡಿಗೆ ಒಳ್ಳೆಯ ರೇಟು. ಏನೂ ಆಗದೆ ಗಂಡಸು ಸುಮ್ಮನೆ ಮಲಗಿಬಿಟ್ಟರೆ ಜನರಿಗೆ ಸಹಿಸುವುದಕ್ಕಾಗುವುದಿಲ್ಲ. ಒಬ್ಬರು ಮಾಟ ಎಂದರು, ಇನ್ನೊಬ್ಬರು ಗ್ಯಾಸು ಎಂದರು. ಡಾಕ್ಟರು ಖಿನ್ನತೆ ಎಂದರು, ಮಾತ್ರೆ ಬರೆದರು, ಜೊತೆಗೆ ಈ ವ್ಯಾಯಾಮಕ್ಕೂ ಹೆಸರು ಸೇರಿಸಿದರು. ಹುಳುಮನೆಗೆ ಸೊಪ್ಪು, ಹಸು, ಅಡುಗೆ ಎಲ್ಲದರ ಜೊತೆ ಅದೂ ಲತಾಮಣಿಯ ಪಾಲಿಗೇ ಬಂತು. ಮಾಡುತ್ತ ಮಾಡುತ್ತ ಅವಳ ಸೊಂಟನೋವು ಹೋಯಿತು, ರಾತ್ರಿ ಸೊಗಸಾಗಿ ನಿದ್ದೆ ಬರತೊಡಗಿತು. ಗಂಡ ಮಾತ್ರ ಇದ್ದ ಹಾಗೇ ಇದ್ದ. ಮಾದೇಶ್ವರನಿಗಿಂತ ಈ ಮೇಡಮ್ಮು ಸ್ವಲ್ಪ ನಿಧಾನ ಎಂದು ಅವಳು ಸಮಾಧಾನ ಮಾಡಿಕೊಂಡಿದ್ದಳು.

"ನೋಡಿ ಅಕ್ಕ, ಇದು ಹರಕೆಯಲ್ಲ," ಎಂದಳು ಅಸ್ರಾ, ನಗು ನುಂಗಿಕೊಂಡು. "ಅವರ ಮೈಯೇ ಅಲ್ಲಾಡಬೇಕು. ನಾಳೆನೂ ಅವರು ಎದ್ದು ನಿಲ್ಲದಿದ್ರೆ ಈ ಹೊತ್ತನ್ನ ಬೇರೆಯವರಿಗೆ ಕೊಡಬೇಕಾಗುತ್ತೆ. ತುಂಬಾ ಜನ ಕಾಯ್ತಾ ಇದಾರೆ."

ಇದೂ ಕೈತಪ್ಪಿದರೆ ಮುಂದೆ ಎಲ್ಲಿಗೆ ಹೋಗುವುದೋ ಲತಾಮಣಿಗೆ ಗೊತ್ತಿರಲಿಲ್ಲ. ಮಂಚದ ಕಡೆ ತಿರುಗಿದಳು.

"ಕೇಳಿಸ್ತಾ? ಒಂದ್ಸಲ ಏಳಿ. ಕೈನಾದ್ರೂ ಎತ್ತಿ."

"ಆಗಕಿಲ್ಲ ಕಣಮ್ಮಿ," ಎಂದಿತು ಕಂಬಳಿ. "ನನ್ ಬುಟ್ಬುಡು."

ಆ ಮಾತಿಗೆ ಅವಳಿಗೆ ಹೆದರಿಕೆಯೂ ಆಯಿತು, ರೇಗಿಯೂ ಹೋಯಿತು. "ಬುಡಾಕಿಲ್ಲ! ಇವತ್ತಿಂದು ಮುಗ್ಸೇ ಮುಗುಸ್ತೀನಿ," ಎಂದು ಒಂಟಿಕಾಲಲ್ಲಿ ನಿಂತಳು. ಆ ಕಸರತ್ತನ್ನು ಮಾಡಿಟ್ಟಿರುವುದು ಕುಗ್ಗಿದವರಿಗೆ, ಸಿಟ್ಟಿಗೆದ್ದವರಿಗಲ್ಲ. ಪಾದ ಉಳುಕಿ ದಬ್ಬನೆ ಬಿದ್ದಳು.

"ಅಯ್ಯೋ! ಯಾರಾದ್ರೂ ಅಕ್ಕನ್ನ ಎಬ್ಬಿಸಿ!" ಎಂದು ಫೋನಿನೊಳಗಿಂದ ಅಸ್ರಾ ಕೂಗಿಕೊಂಡಳು. ಆ ಮನೆಯಲ್ಲಿ ಯಾರಾದರೂ ಎಂದರೆ ಒಬ್ಬನೇ. ಕಂಬಳಿ ಅಲ್ಲಾಡಿತು. ನಿಂತಿತು. ಮತ್ತೆ ಅಲ್ಲಾಡಿತು. ಅಷ್ಟರಲ್ಲಿ ನೆಟ್‌ವರ್ಕ್ ನಿಜಕ್ಕೂ ಹೋಯಿತು.

ಮರುದಿನ ಅಸ್ರಾ ಅಳುಕುತ್ತಲೇ ಕರೆ ಮಾಡಿದಳು. ಈ ಸಲ ಕ್ಯಾಮೆರಾ ಕೇಳುವ ಮೊದಲೇ ತೆರೆಯಿತು. ಮಂಚದ ಮೇಲೆ ಈಗ ಲತಾಮಣಿ ಇದ್ದಳು, ಊದಿದ ಪಾದಕ್ಕೆ ಹುಣಸೆಹಣ್ಣು ಉಪ್ಪಿನ ಪಟ್ಟು ಹಾಕಿಸಿಕೊಂಡು. ಪಟ್ಟು ಹಾಕಿದವರ ಕೈ ಅಷ್ಟು ಪಳಗಿದ್ದಲ್ಲ, ಅರ್ಧ ಹುಣಸೆಹಣ್ಣು ಹಾಸಿಗೆಗೇ ಮೆತ್ತಿತ್ತು. ಫೋನಿನ ಎದುರಿಗೆ ಗಡ್ಡ ಬಿಟ್ಟ ಅನಂತರಾಜು ಪಂಚೆ ಎತ್ತಿ ಕಟ್ಟಿ, ಎರಡೂ ಕೈ ಮೇಲಕ್ಕೆತ್ತಿಕೊಂಡು ನಿಂತಿದ್ದ.

"ಶಭಾಷ್ ಅನಂತರಾಜು ಅವರೇ! ಕೊನೆಗೂ ನಿಮಗೋಸ್ಕರ ಎದ್ರಲ್ಲ!"

"ನಂಗೋಸ್ಕರ ಅಲ್ಲ ಮೇಡಂ," ಎಂದ ಅವನು, ಕೈ ಇಳಿಸದೆ. "ನಂಗೆ ನಾನೇ ಬ್ಯಾಡವಾಗಿ ಬಾಳ ದಿನ ಆಯ್ತು. ಇವ್ಳ ಕಾಲು ವಾಸಿ ಆಗ್ಲಿ ಅಂತ ಮಾಡ್ತಾವ್ನಿ. ನನ್ ಪರವಾಗಿ ಇವ್ಳು ಎಷ್ಟು ಉರುಳವ್ಳೆ. ನಾನು ಒಂದ್ಸಲನಾದ್ರೂ ಬ್ಯಾಡ್ವಾ?"

ಇದು ಹರಕೆಯಲ್ಲ ಎನ್ನಲು ಅಸ್ರಾ ಬಾಯಿ ತೆರೆದಳು.

"ಹಾಗಾದ್ರೆ ಈಗ ಮಂಡಿ ಬಗ್ಗಿಸಿ," ಎಂದಳು.

ಅವನು ಬಗ್ಗಿಸಿದ, ಅರೆಬರೆ.

"ಇನ್ನೊಸಿ ಬಗ್ಗಿ!" ಎಂದು ಮಂಚದಿಂದ ಲತಾಮಣಿ ಗದರಿದಳು. "ನಂಗಿನ್ನೂ ನೋಯ್ತಾನೇ ಐತೆ!"